ಸನ್ನದ್ಧರಾಯರ ಎರಡು ಸಾವಿರ ಆಂಪಿಯರ್

ಬೆಂಗಳೂರಿನ ಯಾವ ದೊಡ್ಡ ಅಪಾರ್ಟ್‌ಮೆಂಟಿಗೆ ಹೋದರೂ ಬೇಸ್‌ಮೆಂಟಿನಲ್ಲಿ ಒಬ್ಬ ಸನ್ನದ್ಧರಾಯರು ಸಿಕ್ಕೇ ಸಿಗುತ್ತಾರೆ. ಹೆಸರು ಬೇರೆ ಇರಬಹುದು, ತಳಿ ಒಂದೇ. ನಿವೃತ್ತಿಗೆ ಹತ್ತಿರದವರು ಅಥವಾ ಈಚೆಗೆ ನಿವೃತ್ತರಾದವರು. ಬಿಡದಿಯಲ್ಲಿ ತಯಾರಾದ ಹೈಬ್ರಿಡ್ ಗಾಡಿ. ಮೈಲೇಜ್ ಎಷ್ಟೆಂದು ಕೇಳಿದರೆ ದಶಮಾಂಶದ ಎರಡನೇ ಸ್ಥಾನದವರೆಗೆ ಉತ್ತರ, ಕೇಳದಿದ್ದರೂ ಉತ್ತರ. ಗಾಡಿಯ ಡಿಕ್ಕಿಯಲ್ಲಿ ಎರಡು ಕೊಡೆ, ಗಾಳಿ ಹೊಡೆಯುವ ಪಂಪು, ಟಾರ್ಚು, ಆ ಟಾರ್ಚು ಹುಡುಕಲು ಇನ್ನೊಂದು ಟಾರ್ಚು, ಇವೆಲ್ಲದರ ನಡುವೆ ಮೆತ್ತನೆಯ ಚೀಲದಲ್ಲಿ ಅಂಗೈಗಿಂತ ಸ್ವಲ್ಪ ದೊಡ್ಡದಾದ, ಬ್ಯಾಟರಿ ಸತ್ತ ಗಾಡಿಯನ್ನು ಎಬ್ಬಿಸುವ ಒಂದು ಜಂಪ್ ಸ್ಟಾರ್ಟರ್. ಪಕ್ಕದ ಜಾಗದ ಕಾರು ಒಂದು ವಾರ ಕದಲದಿದ್ದರೆ ಇವರ ಕಣ್ಣು ಹೊಳೆಯುತ್ತದೆ. “ಏನ್ ಸಾರ್, ಗಾಡಿ ತೆಗೀಲೇ ಇಲ್ವಲ್ಲ? ಬ್ಯಾಟರಿ ಡೌನ್ ಆಗಿರತ್ತೆ, ನೋಡ್ಕೊಳ್ಳಿ” ಎನ್ನುವಾಗ ಆ ದನಿಯಲ್ಲಿರುವುದು ಆತಂಕವಲ್ಲ, ಆಸೆ. ಅಪಾರ್ಟ್‌ಮೆಂಟಿನ ಮಂದಿ ಬೆನ್ನ ಹಿಂದೆ ನಗುತ್ತಾರೆ. ನಗಲಿ. ಆದರೆ ಅವರು ನಗುತ್ತಿರುವುದು ತಪ್ಪು ಜಾಗದಲ್ಲಿ. ಆ ಡಬ್ಬಿ ಕೊಂಡದ್ದರಲ್ಲಿ ರಾಯರದು ಕಿಂಚಿತ್ತೂ ತಪ್ಪಿಲ್ಲ. ನಗಬೇಕಾದ ಸಂಗತಿಗಳೆಲ್ಲ ಕೊಂಡ ಮೇಲೆ ಶುರುವಾಗುತ್ತವೆ.

ನಗುವವರ ಮೊದಲನೇ ವಾದ ಕೇಳಲು ಸೊಗಸಾಗಿದೆ: ಹೈಬ್ರಿಡ್ ಅಂದಮೇಲೆ ಗಾಡಿಯಲ್ಲಿ ಅಷ್ಟು ದೊಡ್ಡ ಬ್ಯಾಟರಿ ಇರುತ್ತದಲ್ಲ, ಅದಕ್ಕೆ ಈ ಪುಟ್ಟ ಡಬ್ಬಿಯ ಹಂಗೇಕೆ? 1997ರಲ್ಲಿ ಜಪಾನಿನ ರಸ್ತೆಗಿಳಿದು ಈ ಬಗೆಯ ಗಾಡಿಗಳಿಗೆ ಹಿರಿಯಣ್ಣನಾದ ಟೊಯೋಟಾ ಪ್ರಿಯಸ್ಸನ್ನೇ ನೋಡಿ. ಅದರ ಮೂರನೇ ತಲೆಮಾರಿನ ಗಾಡಿಯಲ್ಲಿ 168 ಸೆಲ್‌ಗಳ, 201.6 ವೋಲ್ಟಿನ ಬ್ಯಾಟರಿಯಿದೆ. ಎಂಜಿನ್ನನ್ನು ತಿರುಗಿಸಿ ಎಬ್ಬಿಸುವುದು ಅದರಿಂದ ಓಡುವ ಮೋಟಾರೇ. ಹಳೆಯ ಕಾರುಗಳಲ್ಲಿದ್ದ ಸ್ಟಾರ್ಟರ್ ಮೋಟಾರು ಇಲ್ಲಿ ಇಲ್ಲವೇ ಇಲ್ಲ. ಆದರೆ ಗಾಡಿ ನಿಂತಾಗ ಆ ದೊಡ್ಡ ಬ್ಯಾಟರಿಯನ್ನು ಸುರಕ್ಷತೆಗಾಗಿ ರಿಲೇಗಳು ಗಾಡಿಯಿಂದ ಪೂರ್ತಿ ಬೇರ್ಪಡಿಸಿಬಿಡುತ್ತವೆ. ಮತ್ತೆ ಆ ರಿಲೇಗಳು ಕೂಡಬೇಕಾದರೆ, ಅದಕ್ಕೂ ಮೊದಲು ಗಾಡಿಯ ಕಂಪ್ಯೂಟರುಗಳು ಎಚ್ಚರವಾಗಬೇಕಾದರೆ, ಬೇಕಾಗುವುದು ಮೂಲೆಯಲ್ಲಿ ಕೂತ ಸಾಧಾರಣ 12 ವೋಲ್ಟಿನ ಬ್ಯಾಟರಿ. ಗೋದಾಮಿನ ತುಂಬ ಅಕ್ಕಿಯಿದ್ದೂ ಬೀಗದ ಕೈ ಇಟ್ಟುಕೊಂಡ ಕಾವಲುಗಾರ ಎದ್ದೇಳದಿದ್ದರೆ ಊರು ಉಪವಾಸವೇ. ಈ ಕಾವಲುಗಾರನಿಗೆ ನಿದ್ದೆ ಬರಿಸುವುದೂ ಸುಲಭ. ಸರಿಯಾಗಿ ಮುಚ್ಚದ ಹಿಂಬಾಗಿಲು, ನಿಂತಾಗಲೂ ಕಣ್ಣು ಬಿಟ್ಟುಕೊಂಡಿರುವ ಡ್ಯಾಶ್‌ಕ್ಯಾಮ್, ಕೀಲಿ ಹತ್ತಿರ ಬಂತೇ ಎಂದು ಸದಾ ಕಿವಿಗೊಟ್ಟಿರುವ ಬಾಗಿಲುಗಳು, ಇಷ್ಟು ಸಾಕು. ಇವೆಲ್ಲಕ್ಕಿಂತ ದೊಡ್ಡ ಕಾರಣ ಮಗಳ ಬಾಣಂತನ. ನ್ಯೂಜೆರ್ಸಿಗೋ ಡಲ್ಲಾಸಿಗೋ ಹೋಗಿ ಐದು ತಿಂಗಳು ಮೊಮ್ಮಗುವನ್ನು ಆಡಿಸಿ ಬರುವಷ್ಟರಲ್ಲಿ ಬೇಸ್‌ಮೆಂಟಿನಲ್ಲಿ ಬ್ಯಾಟರಿ ಪೂರ್ತಿ ಮಲಗಿರುತ್ತದೆ.

ಎರಡನೇ ವಾದ ಅನುಭವಸ್ಥರದು: ಅಂಬಾಸಿಡರ್ ಕಾಲದಲ್ಲಿ ಇದೆಲ್ಲ ಎಲ್ಲಿತ್ತು, ನಾಲ್ಕು ಹುಡುಗರನ್ನು ಕರೆದು ತಳ್ಳಿಸಿದರೆ ಆಯಿತಪ್ಪ! ನಿಜ, ಆಗ ಆಗುತ್ತಿತ್ತು. ಸೆಕೆಂಡ್ ಗೇರಿಗೆ ಹಾಕಿ, ಓಟ ಬಂದೊಡನೆ ಕ್ಲಚ್ ಬಿಟ್ಟರೆ ಚಕ್ರವೇ ಎಂಜಿನ್ನನ್ನು ತಿರುಗಿಸಿಬಿಡುತ್ತಿತ್ತು. ಆ ನೆಪದಲ್ಲಿ ಬೀದಿಯ ಹುಡುಗರೆಲ್ಲ ಒಂದುಗೂಡುತ್ತಿದ್ದರು, ಕೊನೆಗೆ ಬನ್ನು-ಬಾಳೆಹಣ್ಣೂ ಆಗುತ್ತಿತ್ತು. ರಾಯರ ಗಾಡಿಯಲ್ಲಿ ಕ್ಲಚ್ ಪೆಡಲ್ಲೇ ಇಲ್ಲ; ಕಂಪ್ಯೂಟರು ಮಲಗಿದ್ದಾಗ ಬಿಡದಿಯವರೆಗೆ ತಳ್ಳಿಕೊಂಡು ಹೋದರೂ ಎಂಜಿನ್ ಕೆಮ್ಮುವುದಿಲ್ಲ. ಇನ್ನು ಬೇರೆ ಕಾರಿನ ಬ್ಯಾಟರಿಯಿಂದ ಕರೆಂಟು ಎರವಲು ತರುವ ಕೇಬಲ್. ಅದಕ್ಕೆ ಪಕ್ಕದಲ್ಲಿ ಇನ್ನೊಂದು ಕಾರು ಬೇಕು, ಅದು ಮೂತಿಗೆ ಮೂತಿ ತಾಗುವಂತೆ ನಿಲ್ಲಬೇಕು. ಕಂಬಗಳ ನಡುವೆ ಬಾಗಿಲು ತೆಗೆಯಲೂ ಜಾಗವಿಲ್ಲದ ನಮ್ಮ ಬೇಸ್‌ಮೆಂಟುಗಳಲ್ಲಿ ಅದು ಆಗದ ಮಾತು. ಸಾಲದ್ದಕ್ಕೆ ಸಾಲ ಕೊಡುವ ಕಾರೂ ಹೈಬ್ರಿಡ್ಡೇ ಆಗಿದ್ದರೆ, ಅದರಿಂದ ಬೇರೆ ಗಾಡಿಗೆ ಕರೆಂಟು ಕೊಡಬೇಡಿ ಎಂದು ಕೆಲವು ತಯಾರಕರು ಕೈಪಿಡಿಯಲ್ಲೇ ಬರೆದಿರುತ್ತಾರೆ. ಹೀಗೆ ತಳ್ಳುವ ಹುಡುಗರೂ ಇಲ್ಲ, ಕೇಬಲ್ಲಿಗೆ ದಾರಿಯೂ ಇಲ್ಲ ಅಂದಮೇಲೆ ಉಳಿಯುವುದು ಡಬ್ಬಿಯೇ. ಇಲ್ಲಿಯವರೆಗೆ ರಾಯರಿಗೆ ಪೂರ್ಣಾಂಕ.

ಅಂಕ ಕಳೆಯುವುದು ಅಂಗಡಿಯಲ್ಲಿ. ಮಾತ್ರೆಯನ್ನು ಅರ್ಧ ಮುರಿದು ನುಂಗುವ ಈ ಮನುಷ್ಯ ಜಂಪ್ ಸ್ಟಾರ್ಟರ್ ವಿಚಾರಕ್ಕೆ ಬಂದರೆ “ಇದಕ್ಕಿಂತ ದೊಡ್ಡದು ಇಲ್ವೇನಪ್ಪಾ?” ಎನ್ನುತ್ತಾರೆ. ಡಬ್ಬಿಯ ಮೇಲೆ 2000 ಆಂಪಿಯರ್ ಎಂದು ಅಚ್ಚಾಗಿದ್ದರೆ ಮಾತ್ರ ಸಮಾಧಾನ. ಲೆಕ್ಕ ಹಾಕುವುದರಲ್ಲಿ ಅವರು ನಿಸ್ಸೀಮರು, ಈ ಲೆಕ್ಕವೊಂದನ್ನು ಬಿಟ್ಟು. ಅಂಥ ಪುಟ್ಟ ಡಬ್ಬಿಯೊಳಗೆ ಇರುವುದು ಬಹುಮಟ್ಟಿಗೆ 12,000 ಮಿಲಿ ಆಂಪಿಯರ್ ಅವರ್, 3.7 ವೋಲ್ಟಿನಿಂದ ಗುಣಿಸಿದರೆ ಸುಮಾರು 44 ವ್ಯಾಟ್ ಅವರ್. 12 ವೋಲ್ಟಿನಲ್ಲಿ 2000 ಆಂಪಿಯರ್ ಎಂದರೆ 24 ಕಿಲೋವ್ಯಾಟ್. ಅಷ್ಟು ನಿಜವಾಗಿ ಹರಿದರೆ ಡಬ್ಬಿ ಏಳು ಸೆಕೆಂಡಿನೊಳಗೆ ಬರಿದು. ಸಾಧಾರಣ ಫ್ಲ್ಯಾಟಿಗೆ ಮಂಜೂರಾಗುವ ವಿದ್ಯುತ್ತು ಮೂರರಿಂದ ಐದು ಕಿಲೋವ್ಯಾಟ್. ಅಂದರೆ ರಾಯರ ನಂಬಿಕೆಯ ಪ್ರಕಾರ ಅವರು ಐದಾರು ಮನೆಗಳ ಗೀಸರು-ಮಿಕ್ಸಿಗಳನ್ನೆಲ್ಲ ಒಂದು ಚೀಲದಲ್ಲಿ ಹಾಕಿಕೊಂಡು ತಿರುಗುತ್ತಿದ್ದಾರೆ. ಆ ಅಂಕಿ ಕ್ಷಣಮಾತ್ರದ ಶಿಖರದ್ದು, ಬಹಳ ಸಲ ಜಾಹೀರಾತಿನದ್ದು. ಹೋಗಲಿ, ನಿಜವೇ ಆದರೂ ಇವರಿಗೆ ಅದೇಕೆ? ಮಾಮೂಲಿ ಪೆಟ್ರೋಲ್ ಕಾರಿನ ಸ್ಟಾರ್ಟರ್ ಮೋಟಾರಿಗೆ ನೂರು, ಇನ್ನೂರು ಆಂಪಿಯರ್ ಬೇಕಾದೀತು, ದೊಡ್ಡ ಡೀಸೆಲ್ಲಿಗೆ ಇನ್ನೂ ಹೆಚ್ಚು. ಹೈಬ್ರಿಡ್ಡಿನ 12 ವೋಲ್ಟಿಗೆ ಆ ಕೆಲಸವೇ ಇಲ್ಲ. ಕಂಪ್ಯೂಟರನ್ನು ಎಬ್ಬಿಸಿ ರಿಲೇ ಕೂಡಿಸಲು ಅದರ ಒಂದು ಸಣ್ಣ ಪಾಲು ಸಾಕು. ಅಪಾರ್ಟ್‌ಮೆಂಟಿನಲ್ಲಿ ಎಲ್ಲರಿಗಿಂತ ಚಿಕ್ಕ ಡಬ್ಬಿಯಲ್ಲಿ ಬದುಕಬಹುದಾದ ಮನುಷ್ಯನೇ ಎಲ್ಲರಿಗಿಂತ ದೊಡ್ಡದನ್ನು ಕೊಂಡಿರುತ್ತಾನೆ. “ನಾಳೆ ಲಾರಿಯವನು ಯಾರಾದ್ರೂ ಕೇಳಿದ್ರೆ?” ಎಂಬುದು ಇದಕ್ಕೆ ರಾಯರ ಸಮರ್ಥನೆ. ಯಾವ ಲಾರಿಯವನೂ ಕೇಳಿಲ್ಲ. ಕೇಳಿದರೂ ದೊಡ್ಡ ಲಾರಿಗಳದ್ದು ಸಾಮಾನ್ಯವಾಗಿ 24 ವೋಲ್ಟ್.

ಇದಾದರೂ ದುಡ್ಡಿನ ವಿಚಾರ, ಕ್ಷಮಿಸಬಹುದು. ಇಡುವ ಜಾಗದ್ದು ಹಾಗಲ್ಲ. ಡಿಕ್ಕಿಯಲ್ಲಿ ಇಡುತ್ತಾರೆ ಎಂದೆನಲ್ಲ. ಹಲವು ಹೈಬ್ರಿಡ್ಡುಗಳಲ್ಲಿ, ಪ್ರಿಯಸ್ಸನ್ನೂ ಸೇರಿಸಿ, ಹಿಂಬಾಗಿಲ ಚಿಲಕ ತೆರೆಯುವುದೇ ಆ 12 ವೋಲ್ಟಿನಿಂದ. ಬ್ಯಾಟರಿ ಸತ್ತ ದಿನ ರಿಮೋಟು ಸತ್ತಿರುತ್ತದೆ, ಡಿಕ್ಕಿಯೂ ಸತ್ತಿರುತ್ತದೆ, ಮದ್ದು ಒಳಗೆ ಭದ್ರವಾಗಿರುತ್ತದೆ. ರಿಮೋಟಿನ ಹೊಟ್ಟೆಯಲ್ಲಿ ಅಡಗಿಸಿಟ್ಟ ಲೋಹದ ಕೀಲಿಯಿಂದ ಚಾಲಕನ ಬಾಗಿಲು ತೆಗೆದು, ಹಿಂದಿನ ಸೀಟು ಮಡಚಿ, ಕೊಡೆಗಳ ಮೇಲೆ ಅರವತ್ತು ದಾಟಿದ ಸೊಂಟ ಹೊತ್ತು ತೆವಳಿ ಚೀಲ ಎಳೆದು ತಂದರೆಂದೇ ಇಟ್ಟುಕೊಳ್ಳೋಣ. ಒತ್ತಿದರೆ ಡಬ್ಬಿಯ ದೀಪವೇ ಹತ್ತುವುದಿಲ್ಲ. ಅದರೊಳಗಿನ ಲಿಥಿಯಂ ಸೆಲ್ಲುಗಳೂ ಕೂತಲ್ಲೇ ಇಳಿಯುತ್ತವೆ. ಮೂರು ತಿಂಗಳಿಗೊಮ್ಮೆಯಾದರೂ ಚಾರ್ಜಿಗೆ ಹಾಕಬೇಕು. ಹಾಕಿಲ್ಲ, ಏಕೆಂದರೆ ಮೊಬೈಲಿನ ಚಾರ್ಜು ಕಾಲುಭಾಗ ಇಳಿದರೆ ಚಡಪಡಿಸುವ ರಾಯರಿಗೆ ಡಬ್ಬಿಯೂ ಒಂದು ಬ್ಯಾಟರಿಯೇ ಎಂಬುದು ಹೊಳೆದಿಲ್ಲ. ಮನೆಯೊಳಗೆ ಇಡಬಹುದಿತ್ತು. ರಾಯಚೂರು, ಕಲಬುರಗಿಯ ಏಪ್ರಿಲ್ ಬಿಸಿಲಿನಲ್ಲಿ ಮುಚ್ಚಿ ನಿಲ್ಲಿಸಿದ ಕಾರಿನೊಳಗೆ ಲಿಥಿಯಂ ಇಡುವುದು ಹೇಗೂ ಬುದ್ಧಿವಂತಿಕೆಯಲ್ಲ. ಆದರೆ ಮನೆಯೊಳಗೆ ಇಡುವ ಮಾತೆತ್ತಿದರೆ “ರೀ, ಆ ಬಾಂಬನ್ನ ಇಲ್ಲಿ ತರಬೇಡಿ” ಎಂಬ ಆಜ್ಞೆ ಅಡುಗೆಮನೆಯಿಂದ ಬಂದಿರುತ್ತದೆ.

ಚಾರ್ಜು ಇತ್ತೆನ್ನೋಣ, ಆಗಲೂ ಪರೀಕ್ಷೆ ಮುಗಿದಿಲ್ಲ. ಗಾಡಿಯ 12 ವೋಲ್ಟಿನ ಬ್ಯಾಟರಿ ಎಲ್ಲೋ ಸೀಟಿನ ಕೆಳಗೆ ಅಥವಾ ಹಿಂದೆ ಇದ್ದರೆ, ಅದಕ್ಕೆಂದೇ ಬಾನೆಟ್ಟಿನ ಕೆಳಗೆ ಫ್ಯೂಸಿನ ಪೆಟ್ಟಿಗೆಯಲ್ಲಿ ಕೆಂಪು ಮುಚ್ಚಳದ ಒಂದು ಟರ್ಮಿನಲ್ ಕೊಟ್ಟಿರುತ್ತಾರೆ. ಕೆಂಪು ಕ್ಲಿಪ್ಪು ಅಲ್ಲಿಗೆ, ಕಪ್ಪು ಕ್ಲಿಪ್ಪು ಬಣ್ಣವಿಲ್ಲದ ಗಟ್ಟಿ ಲೋಹಕ್ಕೆ. ಅದಲುಬದಲಾದರೆ ಸುಡುವುದು ಬರೀ ಫ್ಯೂಸಲ್ಲ, ಲಕ್ಷದ ಮಾತಾಡುವ ಎಲೆಕ್ಟ್ರಾನಿಕ್ಸೂ ಇರಬಹುದು. ಒಳ್ಳೆಯ ಡಬ್ಬಿ ತಪ್ಪು ಹಿಡಿದು ಕೀಚು ಕೀಚೆನ್ನುತ್ತದೆ. ಆದರೆ ಬ್ಯಾಟರಿ ಪೂರ್ತಿ ಸತ್ತಿದ್ದರೆ ಅದು ಎದುರಿಗೆ ಬ್ಯಾಟರಿ ಇದೆಯೆಂದೇ ಗುರುತಿಸದು; ಬಲವಂತಕ್ಕೆಂದು ಒಂದು ಗುಂಡಿಯಿರುತ್ತದೆ, ಅದನ್ನೊತ್ತಿದರೆ ಬಹುಪಾಲು ಡಬ್ಬಿಗಳಲ್ಲಿ ಆ ಕಾವಲು ತೆಗೆದುಹಾಕಿದಂತೆ. ರಾಯರಿಗೆ ಗುಂಡಿಯೆಂದರೆ ಒತ್ತಲಿಕ್ಕೇ ಇರುವುದು. ಎಲ್ಲ ಸರಿಹೋಗಿ, ಬ್ರೇಕ್ ತುಳಿದು ಪವರ್ ಒತ್ತಿದಾಗ ಡ್ಯಾಶ್‌ಬೋರ್ಡಿನಲ್ಲಿ ಹಸಿರು ‘ರೆಡಿ’ ದೀಪ ಮೂಡುತ್ತದೆ. ಸದ್ದಿಲ್ಲ, ನಡುಕವಿಲ್ಲ. ನಲವತ್ತು ವರ್ಷ ‘ಗುರ್’ ಕೇಳಿ ಪಳಗಿದ ಕಿವಿ, ಏನೂ ಆಗಲಿಲ್ಲವೆಂದು ತೀರ್ಮಾನಿಸಿ ಗುಂಡಿಯನ್ನು ಮತ್ತೊಮ್ಮೆ ಒತ್ತಿಸುತ್ತದೆ. ಹೊತ್ತಿದ್ದ ಗಾಡಿ ಆರುತ್ತದೆ. ಈ ಹೊತ್ತಿಸುವ-ಆರಿಸುವ ಆಟ ಸೆಕ್ಯೂರಿಟಿಯವನು ಬಂದು “ಸಾರ್, ಹಸಿರು ಲೈಟ್ ಬಂದಿತ್ತಲ್ಲ?” ಎನ್ನುವವರೆಗೂ ನಡೆಯುತ್ತದೆ.

ನಗುವವರು ಕಡೆಗೆ ಬಿಡುವ ಬಾಣ ಇದು: ಇಷ್ಟೆಲ್ಲ ಪಾಡು ಯಾಕೆ, ಒಂದು ಫೋನ್ ಮಾಡಿದರೆ ರಸ್ತೆ ನೆರವಿನವರು ಬರುತ್ತಾರೆ, ವಾರಂಟಿಯಲ್ಲಿ ಪುಕ್ಕಟೆ. ಬರುತ್ತಾರೆ, ಇಲ್ಲವೆನ್ನಲಾಗದು. ಆದರೆ ಬೆಳಗಿನ ಎಂಟೂವರೆಗೆ ಸಿಲ್ಕ್ ಬೋರ್ಡ್ ಜಂಕ್ಷನ್ನಿನ ಟ್ರಾಫಿಕ್ ದಾಟಿ ಬರಬೇಕಾದ ಪುಕ್ಕಟೆಗೆ ಎಷ್ಟು ಬೆಲೆಯೆಂದು, ಹನ್ನೊಂದರ ವಿಮಾನಕ್ಕೆ ದೇವನಹಳ್ಳಿ ಮುಟ್ಟಬೇಕಾದವರನ್ನು ಕೇಳಬೇಕು. ಅಲ್ಲದೆ ಬಂದ ಹುಡುಗ ತರುವುದೇನು? ಬೆನ್ನಿನ ಚೀಲದ ಜಿಪ್ಪು ಎಳೆದು ಅವನು ಹೊರತೆಗೆಯುವುದೂ ಇಂಥದೇ ಒಂದು ಡಬ್ಬಿ, ಉಜ್ಜಿ ಉಜ್ಜಿ ಅಕ್ಷರ ಮಾಸಿದ್ದು, ಆದರೆ ಚಾರ್ಜು ಭರ್ತಿ ಇದ್ದದ್ದು. ಎರಡು ನಿಮಿಷದಲ್ಲಿ ‘ರೆಡಿ’ ದೀಪ ಹತ್ತಿಸಿ, “ಒಂದ್ ಗಂಟೆ ಹೀಗೇ ಬಿಡಿ ಸಾರ್, ಆಫ್ ಮಾಡ್ಬೇಡಿ; ಆಗಾಗ ಎಂಜಿನ್ ತಾನೇ ಶುರುವಾಗತ್ತೆ, ಗಾಡಿ ಹೊರಗಡೆ ಗಾಳೀಲಿ ನಿಲ್ಸಿ” ಎಂದು ಅವನು ಕ್ಲಿಪ್ಪು ಬಿಚ್ಚುವಾಗ ರಾಯರು ಥ್ಯಾಂಕ್ಸ್ ಹೇಳುವುದಿಲ್ಲ. ಕನ್ನಡಕ ಹಣೆಗೇರಿಸಿ, ಬಗ್ಗಿ, ಮಾಸಿದ ಅಕ್ಷರ ಓದಲು ನೋಡುತ್ತಾ ಕೇಳುತ್ತಾರೆ: “ಎಷ್ಟು ಆಂಪಿಯರ್‌ದಪ್ಪಾ ಇದು? ನಮ್ಮದು ಎರಡು ಸಾವಿರ.”