ಬ್ಲಾಗಾರಂಭ ಮೀಮಾಂಸೆ: ಫರೀದಾಬಾದ್ ಪ್ರಕರಣ

ಯಾವ ಶಾಸ್ತ್ರಕ್ಕೆ ಕೈಹಾಕಿದರೂ ಅಧಿಕಾರಿ, ವಿಷಯ, ಸಂಬಂಧ, ಪ್ರಯೋಜನ ಎಂಬ ಅನುಬಂಧ ಚತುಷ್ಟಯವನ್ನು ಮೊದಲು ಹೇಳಬೇಕೆಂಬುದು ಪೂರ್ವಸೂರಿಗಳ ಕಟ್ಟಪ್ಪಣೆ. ಬ್ಲಾಗನ್ನು ಶಾಸ್ತ್ರವೆಂದು ಈವರೆಗೆ ಯಾರೂ ಒಪ್ಪಿಲ್ಲವಾದ್ದರಿಂದ ಈ ಪ್ರಬಂಧಕ್ಕೆ ಎಡೆಯಾಯಿತು. ನಾಲ್ಕರಲ್ಲಿ ಪ್ರಯೋಜನವನ್ನು ಮೊದಲೇ ಮುಗಿಸಿಬಿಡೋಣ: ಇಲ್ಲ. ಜಾಹೀರಾತಿನಿಂದ ಕಾಸು ಬರುತ್ತದೆಂಬ ಮತವೊಂದು ಚಾಲ್ತಿಯಲ್ಲಿದೆಯಾದರೂ, ಲೆಕ್ಕ 100 ಡಾಲರ್ ಮುಟ್ಟುವ ತನಕ ಗೂಗಲ್ ಕೈಬಿಚ್ಚುವುದಿಲ್ಲ. ಆ ನೂರು ತುಂಬುವುದು ಜನ್ಮಾಂತರದ ಮಾತಾದ್ದರಿಂದ ಅದನ್ನು ವೇದಾಂತಿಗಳಿಗೆ ಬಿಟ್ಟಿದ್ದೇವೆ.

ಇನ್ನು ಅಧಿಕಾರಿ. ಒಂಬತ್ತನೇ ಶತಮಾನದ ಕವಿರಾಜಮಾರ್ಗಕಾರನು ಕನ್ನಡ ನಾಡಿನ ಎಲ್ಲೆಯನ್ನು ಕಾವೇರಿಯಿಂದ ಗೋದಾವರಿಯ ತನಕ ಎಳೆದು ನಿಲ್ಲಿಸಿದ. ಯಮುನೆಯ ಬಲದಂಡೆಗೆ ವರ್ಗವಾಗಿ ಬರುವ ಕನ್ನಡಿಗನನ್ನು ಅವನು ಊಹಿಸಲಿಲ್ಲ. ಇದು ಆ ಗ್ರಂಥದ ಕೊರತೆಯೆಂದೇ ನಮ್ಮ ನಿರ್ಣಯ. ಎನ್‌ಎಚ್‌ಪಿಸಿಯ ಕೇಂದ್ರ ಕಚೇರಿಗೋ, ಕೇಂದ್ರ ಅಂತರ್ಜಲ ಮಂಡಳಿಗೋ, ಇಂಡಿಯನ್ ಆಯಿಲ್‌ನ ಸಂಶೋಧನಾ ಕೇಂದ್ರಕ್ಕೋ ಬಂದಿಳಿದು, ಸೆಕ್ಟರಿನ ಮನೆಯೊಂದರಲ್ಲಿ ಸಂಸಾರ ಹೂಡಿ, ಗಾಡಿಯ ತರಕಾರಿಯವನಿಂದ ‘ಮದ್ರಾಸಿ ಭಾಯಿಸಾಬ್’ ಎನ್ನಿಸಿಕೊಂಡವನೇ ಇಲ್ಲಿ ಮುಖ್ಯ ಅಧಿಕಾರಿ. ಹಾಗೆ ಅನ್ನಿಸಿಕೊಂಡ ರಾತ್ರಿಯೇ ಅವನೊಳಗೆ ಕನ್ನಡ ಎದ್ದು ಕೂರುತ್ತದೆ. ಊರಲ್ಲಿದ್ದಾಗ ಪತ್ರಿಕೆಗೆ ಒಂದು ಓದುಗರ ಪತ್ರವನ್ನೂ ಬರೆಯದವನು ಲ್ಯಾಪ್‌ಟಾಪ್ ತೆರೆಯುತ್ತಾನೆ.

ತೆರೆದ ಕೂಡಲೇ ಎದುರಾಗುವುದು ಮತಭೇದ. 1999ರಲ್ಲಿ ಹುಟ್ಟಿ 2003ರಲ್ಲಿ ಗೂಗಲ್‌ನ ವಶವಾದ ಬ್ಲಾಗರ್ ಒಂದು ಮತ, 2003ರಲ್ಲೇ ತಲೆಯೆತ್ತಿದ ವರ್ಡ್‌ಪ್ರೆಸ್ ಇನ್ನೊಂದು. ಶ್ರೀವೈಷ್ಣವರ ಮಾರ್ಜಾಲ ನ್ಯಾಯ, ಮರ್ಕಟ ನ್ಯಾಯಗಳನ್ನು ಬಲ್ಲವರಿಗೆ ಇದು ಹೊಸದಲ್ಲ. ಬ್ಲಾಗರ್ ಬೆಕ್ಕು: ಮರಿ ಸುಮ್ಮನಿದ್ದರೆ ಸಾಕು, ತಾಯಿಯೇ ಕುತ್ತಿಗೆ ಕಚ್ಚಿ ಹೊತ್ತೊಯ್ಯುತ್ತದೆ. (2013ರ ಜುಲೈಯಲ್ಲಿ ಗೂಗಲ್ ರೀಡರ್ ಎಂಬ ಮರಿಯನ್ನು ನಡುದಾರಿಯಲ್ಲೇ ಕೈಬಿಟ್ಟಿದ್ದನ್ನು ಭಕ್ತರು ನೆನೆಯಬಾರದು.) ಸ್ವಂತ ಜಾಗ ಕೊಂಡು ನಡೆಸುವ ವರ್ಡ್‌ಪ್ರೆಸ್ ಮಂಗ: ಮರಿಯೇ ಗಟ್ಟಿಯಾಗಿ ಹಿಡಿದುಕೊಳ್ಳಬೇಕು, ಡೊಮೇನು, ಹೋಸ್ಟಿಂಗು, ಪ್ಲಗಿನ್ನು ಯಾವುದರ ಮೇಲೂ ಹಿಡಿತ ತಪ್ಪಬಾರದು. ಹೊಸಬರಿಗೆ ಬೆಕ್ಕೇ ಲೇಸು ಎಂಬುದು ಸಿದ್ಧಾಂತ.

ನಾಮಕರಣಕ್ಕೆ ಒಂದು ಪಕ್ಷ ಹಿಡಿಯುತ್ತದೆ. ಅಂತರಂಗ, ಮೌನರಾಗ, ಭಾವಲಹರಿ ಮೊದಲಾದವನ್ನು 2008ರ ಹೊತ್ತಿಗೇ ಯಾರೋ ಹಿಡಿದು, ಒಂದೇ ಬರಹ ಹಾಕಿ, ಮಾಯವಾಗಿರುತ್ತಾರೆ. ಬಣ್ಣ, ವಿನ್ಯಾಸಗಳಿಗೆ ಇನ್ನೊಂದು ಪಕ್ಷ. ಆಮೇಲೆ ಅಕ್ಷರಕಾಂಡ. ಹಳೆಯ ನುಡಿ, ಬರಹಗಳಲ್ಲಿ ಟೈಪಿಸಿಟ್ಟ ಕವಿತೆಯನ್ನು ಹಾಗೆಯೇ ತಂದು ಅಂಟಿಸಿದರೆ, ಮೇಲೆ ಕೆಳಗೆ ಚುಕ್ಕಿ ಗೀಟು ಹೊತ್ತ ರೋಮನ್ ಅಕ್ಷರಗಳ ಸಾಲು ಮೂಡುತ್ತದೆ. ನವ್ಯಕಾವ್ಯವೆಂದು ಅದಕ್ಕೂ ಮೆಚ್ಚುಗೆ ಬಂದೀತು, ಆದರೂ ಯೂನಿಕೋಡಿಗೆ ಬದಲಿಸಿಕೊಳ್ಳುವುದು ವಾಸಿ. ಊರಿನ ಹೆಸರೇ ಇಲ್ಲೊಂದು ವಿಘ್ನ. ‘ಫರೀದಾಬಾದ್’ ಬರೆದು ‘ನಲ್ಲಿ’ ಸೇರಿಸಲು ಹೋದರೆ ‘ಫರೀದಾಬಾದ್ನಲ್ಲಿ’ ಎಂದು ದಕಾರಕ್ಕೆ ನಕಾರ ಜೋತುಬೀಳುತ್ತದೆ. ಎರಡರ ನಡುವೆ ಕಣ್ಣಿಗೆ ಕಾಣದ ಅಕ್ಷರವೊಂದನ್ನು ತೂರಿಸಿ ಬಿಡಿಸಬೇಕು. ಆ ಕೀಲಿ ಎಲ್ಲಿದೆಯೆಂದು ಹುಡುಕುವಷ್ಟರಲ್ಲಿ ಬರೆಯಬೇಕೆಂದಿದ್ದ ಮಾತು ಮರೆತಿರುತ್ತದೆ. ಜಾಣರು ‘ಫರೀದಾಬಾದಿನಲ್ಲಿ’ ಎಂದು ಬರೆದು ಪಾರಾಗುತ್ತಾರೆ.

ವರ್ಡ್‌ಪ್ರೆಸ್ ಮತಸ್ಥರಿಗೆ ಒಂದು ವಿಶೇಷ ಅನುಗ್ರಹವುಂಟು. ‘ಹಲೋ ವರ್ಲ್ಡ್’ ಎಂಬ ಮೊದಲ ಬರಹವನ್ನೂ ಅದಕ್ಕೊಂದು ಪ್ರತಿಕ್ರಿಯೆಯನ್ನೂ ಯಂತ್ರವೇ ಹಾಕಿ ಕೊಟ್ಟಿರುತ್ತದೆ. ಹೊಸಬನು ಎರಡನ್ನೂ ಅಳಿಸುವುದರಿಂದ ಶುರುಮಾಡುತ್ತಾನೆ. ತನ್ನ ಬ್ಲಾಗಿನ ಏಕೈಕ ಸ್ಪಷ್ಟ ಬರಹವನ್ನೂ ಏಕೈಕ ನಿಷ್ಠಾವಂತ ಓದುಗನನ್ನೂ ಒಂದೇ ಏಟಿಗೆ ಕಳೆದುಕೊಳ್ಳುತ್ತಾನೆ. ಬ್ಲಾಗರ್ ಮತದಲ್ಲಿ ‘ನನ್ನ ಭೇಟಿಗಳನ್ನು ಎಣಿಸಬೇಡ’ ಎಂಬ ಆಯ್ಕೆಯಿದೆ. ಅದನ್ನು ಒತ್ತಬಾರದೆಂದು ಅನುಭವಿಗಳ ಮತ.

ಈಗ ವಿಷಯ. ಲೂ ಗಾಳಿ ಕಿಟಕಿ ಬಡಿಯುವ ಜೂನ್ ತಿಂಗಳಲ್ಲಿ ಕೂಲರಿಗೆ ನೀರು ಸುರಿಯುತ್ತಾ ಹೊಸಬ ಬರೆಯುವುದು ಮಲೆನಾಡಿನ ಮಳೆಯ ಮೇಲೆ. ಎರಡನೆಯದು ‘ನಾನೇಕೆ ಬರೆಯುತ್ತೇನೆ’. ಮೂರನೆಯದು ‘ಬಹಳ ದಿನಗಳಿಂದ ಬರೆಯಲಾಗಲಿಲ್ಲ, ಕ್ಷಮಿಸಿ’. ನಾಲ್ಕನೆಯದು ಈ ಅಧ್ಯಯನಕ್ಕೆ ಸಿಕ್ಕಿಲ್ಲ.

ಯಾಕೆ ಹೀಗೆಂದರೆ ಪೂರ್ವಪಕ್ಷಿಯ ಉತ್ತರ ಸಿದ್ಧ: ಈ ಫರೀದಾಬಾದಿನಲ್ಲಿ ಬರೆಯಲು ಏನಿದೆ ಸ್ವಾಮಿ? ಕಾರ್ಖಾನೆ, ಧೂಳು, ಮಥುರಾ ರಸ್ತೆಯ ಲಾರಿ. ಫೆಬ್ರವರಿ ಬಂದರೆ ಸೂರಜ್‌ಕುಂಡ ಮೇಳ, ಅದರದ್ದೊಂದು ಸೆಲ್ಫಿ.

ಖಂಡನೆ. ದೇಶ ಒಡೆದಾಗ ವಾಯವ್ಯ ಗಡಿ ಪ್ರಾಂತದಿಂದ, ಬನ್ನು, ಡೇರಾ ಇಸ್ಮಾಯಿಲ್ ಖಾನ್ ಕಡೆಗಳಿಂದ, ಉಟ್ಟ ಬಟ್ಟೆಯಲ್ಲಿ ಬಂದವರಿಗಾಗಿ ಈ ಹಳೆಯ ಊರಿನ ಪಕ್ಕದಲ್ಲೊಂದು ಹೊಸ ಊರು ಎದ್ದಿತು. ಅದೇ ಎನ್‌ಐಟಿ, ಹೊಸ ಕೈಗಾರಿಕಾ ಪಟ್ಟಣ. ಗುತ್ತಿಗೆದಾರರಿಗೆ ವಹಿಸಿ ಕೈಕಟ್ಟಿ ಕೂರದೆ, ನಿರಾಶ್ರಿತರು ಸಹಕಾರ ಸಂಘ ಕಟ್ಟಿಕೊಂಡು ತಮ್ಮ ಮನೆಗಳ ಕೆಲಸಕ್ಕೆ ತಾವೇ ಇಳಿದರು. ಅಭಿವೃದ್ಧಿ ಮಂಡಳಿಯ ಅಧ್ಯಕ್ಷರು ರಾಜೇಂದ್ರ ಪ್ರಸಾದ್. ಸಹಕಾರದ ಹಿಂದಿದ್ದದ್ದು 1948ರಲ್ಲಿ ಹುಟ್ಟಿದ ಇಂಡಿಯನ್ ಕೋಆಪರೇಟಿವ್ ಯೂನಿಯನ್. ಅಲ್ಲಿ ದುಡಿದ ಎಲ್.ಸಿ. ಜೈನ್ ಐವತ್ತು ವರ್ಷ ಕಳೆದು, 1998ರಲ್ಲಿ, ಈ ಊರಿನ ಕಥೆಯನ್ನೇ ಒಂದು ಪುಸ್ತಕ ಮಾಡಿದರು. ಬಿ.ಕೆ. ಚೌಕದಲ್ಲಿ ಆಟೋದವನೊಡನೆ ದಿನಾ ಚೌಕಾಸಿ ಮಾಡುವ ನಮ್ಮ ಅಧಿಕಾರಿಗೆ ಬಿ.ಕೆ. ಎಂದರೆ ಬಾದ್‌ಷಾ ಖಾನ್, ಗಡಿನಾಡ ಗಾಂಧಿ, ಎಂಬುದು ಹೊಳೆದಿರುವುದಿಲ್ಲ.

ಆ ಯೂನಿಯನ್ನನ್ನು ಕಟ್ಟಿದವರು ಯಾರು? ಕಮಲಾದೇವಿ ಚಟ್ಟೋಪಾಧ್ಯಾಯ. ಹುಟ್ಟಿದ್ದು 1903ರಲ್ಲಿ, ಮಂಗಳೂರಿನಲ್ಲಿ. 1952ರಲ್ಲಿ ಅಖಿಲ ಭಾರತ ಕರಕುಶಲ ಮಂಡಳಿಯ ಮೊದಲ ಅಧ್ಯಕ್ಷೆಯಾದವರೂ ಇವರೇ. 1987ರಿಂದ ಸೂರಜ್‌ಕುಂಡದಲ್ಲಿ ನೆರೆಯುವ ಕುಶಲಕರ್ಮಿಗಳ ಹಿಂದೆಯೂ ಆ ಕಾಲದ ಓಡಾಟದ ಋಣ ಸ್ವಲ್ಪ ಇದ್ದೇ ಇದೆ ಎಂದು ನಾವು ಬಗೆಯುತ್ತೇವೆ. ಇದರೊಂದಿಗೆ ನಾಲ್ಕನೆಯ ಅನುಬಂಧವಾದ ಸಂಬಂಧವೂ ಇತ್ಯರ್ಥವಾಯಿತು. ಕನ್ನಡಿಗನಿಗೂ ಫರೀದಾಬಾದಿಗೂ ಏನು ಸಂಬಂಧವೆಂದು ಅಪಾರ್ಟ್‌ಮೆಂಟಿನ ಕಾವಲುಗಾರ ಕೇಳಿದರೆ ಹೇಳಲು ಈಗ ಒಂದು ಉತ್ತರವಿದೆ.

ಆದ್ದರಿಂದ ಹೊಸ ಬ್ಲಾಗಿಗರಲ್ಲಿ ವಿನಂತಿ. ಹೆಸರು, ಬಣ್ಣ, ‘ನನ್ನ ಬಗ್ಗೆ’ ಇವೆಲ್ಲ ಆಮೇಲೆ. ಮುಂದಿನ ಭಾನುವಾರ ಎನ್‌ಐಟಿಯ ಏಕ್ ನಂಬರ್ ಮಾರುಕಟ್ಟೆಗೆ ಹೋಗಿ, ಗಲ್ಲಾದ ಹಿಂದೆ ಕೂತ ಹಿರಿಯರೊಬ್ಬರನ್ನು ನಿಮ್ಮ ಮನೆಯವರು ಎಲ್ಲಿಂದ ಬಂದವರೆಂದು ಕೇಳಿ. ಹೇಳಿದ್ದನ್ನು ಇನ್ನೂರು ಪದಗಳಲ್ಲಿ ಬರೆದು ಹಾಕಿ. ಮಲೆನಾಡಿನ ಮಳೆಗೆ ಅವಸರವಿಲ್ಲ. ಮೆಟ್ರೋದ ವಯಲೆಟ್ ಮಾರ್ಗದಲ್ಲಿ ನೀಲಂ ಚೌಕ್ ಅಜರೌಂದಾದಲ್ಲಿ ಇಳಿಯಿರಿ.