ಇನ್ನೊಂದು ಸುತ್ತಿನ ಶಾಸ್ತ್ರ

ಸ್ವಿಟ್ಜರ್‌ಲೆಂಡಿನ ಓರ್ಲಿಕಾನ್ ಕಂಪನಿಯ ಸಹಯೋಗದಲ್ಲಿ 1953ರಲ್ಲಿ ಸ್ಥಾಪನೆಯಾದ ಎಚ್‌ಎಂಟಿ ಕಾರ್ಖಾನೆಯು ಲೇತ್‌ಗಳನ್ನೂ, 1961ರಲ್ಲಿ ಜಪಾನಿನ ಸಿಟಿಜನ್ ಕಂಪನಿಯ ನೆರವಿನಿಂದ ಕೈಗಡಿಯಾರಗಳನ್ನೂ ತಯಾರಿಸತೊಡಗಿದ ಮೇಲೆ, ಮಿಲಿಮೀಟರಿನ ಸಾವಿರದ ಒಂದು ಪಾಲಾದ ಮೈಕ್ರಾನ್ ಎಂಬ ಅಳತೆಯು ಬೆಂಗಳೂರಿನ ಜಾಲಹಳ್ಳಿಯ ಮನೆಮಾತಾಯಿತು. ಇಂತಹ ಊರಿನಲ್ಲಿ ಭಾನುವಾರ ಬೆಳಗ್ಗೆ ಮನೆಯ ಮುಂದೆ ಬಾನೆಟ್ ತೆರೆದುಕೊಂಡು ನಿಂತ ಕಾರಿನ ಬೋಲ್ಟುಗಳು ಸುರಕ್ಷಿತವೆಂದೇ ತರ್ಕವು ಹೇಳುತ್ತದೆ. ಆದರೆ ಮೂವತ್ತು ವರ್ಷ ಮೈಕ್ರಾನ್ ಅಳೆದು ನಿವೃತ್ತವಾದ ಕೈಗೆ ಮನೆಯಲ್ಲಿ ಯಾವ ಅಳತೆಯ ಉಪಕರಣವೂ ಬೇಕೆನಿಸುವುದಿಲ್ಲವಾದ್ದರಿಂದ ತರ್ಕವು ಇಲ್ಲಿ ಸೋಲುತ್ತದೆ.

ಎಂಜಿನ್ನಿನ ಮೇಲ್ಮುಚ್ಚಳವನ್ನು ಹಿಡಿದಿಡುವ ಬೋಲ್ಟು ಸಾಮಾನ್ಯವಾಗಿ ಎಂ6, ಎಂದರೆ ಆರು ಮಿಲಿಮೀಟರ್ ವ್ಯಾಸದ್ದು. ಬೋಲ್ಟು ಉಕ್ಕಿನದು, ಅದು ಕೂರುವ ತೂತು ಅಲ್ಯೂಮಿನಿಯಂನದು; ಇಬ್ಬರೂ ಜಗಳಕ್ಕೆ ನಿಂತರೆ ಸೋಲುವವರು ಯಾರೆಂಬುದು ಮೊದಲೇ ನಿರ್ಧಾರವಾಗಿರುತ್ತದೆ. ಇದಕ್ಕೆ ಬೇಕಾದ ಬಿಗಿ ಹೆಚ್ಚೆಂದರೆ ಹತ್ತು ನ್ಯೂಟನ್ ಮೀಟರ್, ಎಂದರೆ ಹದಿನೈದು ಸೆಂಟಿಮೀಟರ್ ಉದ್ದದ ಸ್ಪ್ಯಾನರಿನ ತುದಿಗೆ ಸುಮಾರು ಏಳು ಕೆ.ಜಿ. ಭಾರ ತೂಗಿಸಿದಷ್ಟು. ಅಷ್ಟಾದ ಮೇಲೂ 'ಇರಲಿ, ಇನ್ನೊಂದು ಸುತ್ತು' ಎಂಬ ಮಾತು ಕೇಳಿಬರುತ್ತದೆ. ಭಾರದ ಮೂರರಲ್ಲೊಂದು ಪಾಲನ್ನು ಹೊರುವ, ತೂತಿನೊಳಗಿನ ಮೊದಲನೆಯ ಎಳೆಯು ಕುಸಿದೊಡನೆ ಅದರ ಹೊರೆ ಎರಡನೆಯದರ ತಲೆಗೆ ಬೀಳುತ್ತದೆ, ಎರಡನೆಯದರದು ಮೂರನೆಯದಕ್ಕೆ. ಇದುವರೆಗೆ ಬಿಗಿಯಾಗುತ್ತಿದ್ದ ಬೋಲ್ಟು ಹಠಾತ್ತನೆ ಸುಮ್ಮನೆ ತಿರುಗತೊಡಗುತ್ತದೆ. ಹೊರಗೆಳೆದು ನೋಡಿದರೆ ಅದರ ಎಳೆಗಳ ಸಂದಿನಲ್ಲಿ ಅಲ್ಯೂಮಿನಿಯಂನ ಬೆಳ್ಳನೆಯ ಸುರುಳಿಯೊಂದು ಸುತ್ತಿಕೊಂಡು ಹೊಳೆಯುತ್ತಿರುತ್ತದೆ. ಇದಕ್ಕೇ 'ಥ್ರೆಡ್ ಹೋಯಿತು' ಎನ್ನುವುದು.

ಈ ಘಟ್ಟದಲ್ಲಿ ನೆರೆಹೊರೆಯವರು ಸೇರುತ್ತಾರೆ. ಟೆಫ್ಲಾನ್ ಟೇಪು, ಎಂ-ಸೀಲ್ ಮುಂತಾದ ನಾಸ್ತಿಕ ವಾದಗಳನ್ನು ಬದಿಗಿಟ್ಟರೆ ಅವರಲ್ಲಿ ಆಚಾರ್ಯತ್ರಯರ ಕಾಲದಂತೆ ಮೂರು ಮತಗಳು ಸ್ಪಷ್ಟವಾಗಿ ಕಾಣುತ್ತವೆ. ತೂತನ್ನು ದೊಡ್ಡದು ಮಾಡಿ ಎಂ8 ಬೋಲ್ಟು ಹಾಕಬೇಕೆಂಬುದು ಮೊದಲನೆಯದು. ಹಾಗೆ ಮಾಡಿದರೆ ಮುಚ್ಚಳದ ತೂತನ್ನೂ ಕೊರೆಯಬೇಕಾಗುತ್ತದೆ, ತೂತಿನ ಸುತ್ತಲಿನ ಗೋಡೆಯೂ ತೆಳುವಾಗುತ್ತದೆ. ಆರ್ಗಾನ್ ವೆಲ್ಡಿಂಗ್ ಮಾಡಿಸಿ ತೂತು ಮುಚ್ಚಿ ಹೊಸದಾಗಿ ಕೊರೆಯಬೇಕೆಂಬುದು ಎರಡನೆಯದು. ಪೀಣ್ಯದಲ್ಲಿ ಲೇತ್ ಇಟ್ಟಿರುವವರು ಈ ಪಕ್ಷದವರು, ಏಕೆಂಬುದನ್ನು ಹೇಳಬೇಕಾಗಿಲ್ಲ. ಮೂರನೆಯದು ಹೆಲಿಕಾಯಿಲ್, ಎಂದರೆ ಸ್ಟೇನ್‌ಲೆಸ್ ಸ್ಟೀಲ್ ತಂತಿಯನ್ನು ಸ್ಪ್ರಿಂಗಿನಂತೆ ಸುತ್ತಿ ಮಾಡಿದ ಒಳಥ್ರೆಡ್. ಮನೆಯಲ್ಲಿ ಮಾಡಲು ಯೋಗ್ಯವಾದ ಮತ ಇದೊಂದೇ.

ಮೊದಲು 6.3 ಮಿಲಿಮೀಟರ್ ಡ್ರಿಲ್ಲಿನಿಂದ ಸತ್ತ ಎಳೆಗಳನ್ನು ತೆಗೆಯಬೇಕು. ಬಳಿಕ ಹೆಲಿಕಾಯಿಲ್ ಕಿಟ್ಟಿನಲ್ಲೇ ಬರುವ ಟ್ಯಾಪ್, ಎಂದರೆ ತೂತಿನೊಳಗೆ ಎಳೆ ಕೊರೆಯುವ ಉಪಕರಣವನ್ನು, ಅದರ ತೋಡುಗಳಿಗೆ ಗ್ರೀಸು ತುಂಬಿ ನೆಟ್ಟಗೆ ಇಳಿಸಬೇಕು. ಅರ್ಧ ಸುತ್ತು ಮುಂದಕ್ಕೆ, ಕಾಲು ಸುತ್ತು ಹಿಂದಕ್ಕೆ ತಿರುಗಿಸಿದರೆ ಚೂರುಗಳು ಮುರಿದು ಗ್ರೀಸಿಗೆ ಅಂಟುತ್ತವೆ. ತೂತಿಗಿಂತ ತುಸು ದಪ್ಪವಿರುವ ಸುರುಳಿಯನ್ನು ಕಿಟ್ಟಿನ ಹಿಡಿಕೆಯು ಬಿಗಿದು ಒಳಗೆ ಇಳಿಸುತ್ತದೆ, ಬಿಟ್ಟೊಡನೆ ಅದು ಹಿಗ್ಗಿ ಗೋಡೆಯನ್ನು ಕಚ್ಚಿಕೊಳ್ಳುತ್ತದೆ. ಸುರುಳಿಯ ಮೇಲಿನ ಕೊನೆಯು ತೂತಿನ ಬಾಯಿಗಿಂತ ಕಾಲು ಸುತ್ತಿನಷ್ಟಾದರೂ ಕೆಳಗಿರಬೇಕು. ತಳದಲ್ಲಿ ಅಡ್ಡಲಾಗಿ ಉಳಿಯುವ ಪುಟ್ಟ ನಾಲಗೆಯನ್ನು ತಟ್ಟಿ ಮುರಿದಾಗ ಅದು ಎಂಜಿನ್ನಿನೊಳಕ್ಕೆ ಬೀಳುವ ಹವಣಿಕೆಯಲ್ಲೇ ಇರುತ್ತದೆ, ಸ್ಟೇನ್‌ಲೆಸ್ ಆದ್ದರಿಂದ ಆಯಸ್ಕಾಂತಕ್ಕೂ ಅಷ್ಟಾಗಿ ಒಲಿಯುವುದಿಲ್ಲ. ಆದುದರಿಂದ ಅದನ್ನು ಚಿಮಟದಲ್ಲಿ ಹಿಡಿದು ಕಣ್ಣಾರೆ ಕಂಡ ಮೇಲೆಯೇ ಕಾಫಿ ಕುಡಿಯತಕ್ಕದ್ದು.

ಹೀಗೆ ದುರಸ್ತಿಯಾದ ಥ್ರೆಡ್ ಮೂಲದ ಅಲ್ಯೂಮಿನಿಯಂ ಥ್ರೆಡ್ಡಿಗಿಂತ ಗಟ್ಟಿ. ವಿಮಾನಗಳಲ್ಲಿ ಎಷ್ಟೋ ಕಡೆ ಹೊಸದರಲ್ಲೇ ಈ ಸುರುಳಿಯನ್ನು ಕೂರಿಸಿರುತ್ತಾರೆ. 6.3ರ ಡ್ರಿಲ್ಲು ಸಾಧಾರಣ ಪೆಟ್ಟಿಗೆಗಳಲ್ಲಿ ದೊರೆಯದು, ಎಸ್.ಪಿ. ರಸ್ತೆಗೆ ಹೋದವರು ಅದೂ ಸೇರಿರುವ ಪೂರ್ತಿ ಕಿಟ್ಟನ್ನೇ ಕೇಳಿ ತರುವುದು ಲೇಸು, ಸಾಧ್ಯವಾದರೆ ಬಿಗಿಯನ್ನು ಅಳೆಯುವ ಟಾರ್ಕ್ ರೆಂಚನ್ನೂ. ಅಷ್ಟು ಖರ್ಚು ಬೇಡವೆನ್ನುವವರು ಚಿಕ್ಕ ಸ್ಪ್ಯಾನರನ್ನೇ ಬಳಸಲಿ, ಆದರೆ ಅದನ್ನು ನೆರೆಮನೆಯ ನಿವೃತ್ತರ ಕೈಗೆ ಮಾತ್ರ ಕೊಡದಿರಲಿ.