ರಾಯರ ಮಲ್ಲಿಗೆಗೆ ಅಜೀರ್ಣ

ಲಷ್ಕರ್ ಮೊಹಲ್ಲಾದಲ್ಲಿ ಬಾಡಿಗೆ ಮನೆ ಸಿಗದೇ ಇರಬಹುದು, ಗಾಡಿ ನಿಲ್ಲಿಸೋಕೆ ಜಾಗ ಸಿಗದೇ ಇರಬಹುದು, ಗೊಬ್ಬರದ ಸಲಹೆ ಮಾತ್ರ ಸಿಕ್ಕೇ ಸಿಗುತ್ತದೆ. ಅನುಮಾನವಿದ್ದರೆ ಸೊರಗಿದ ಮಲ್ಲಿಗೆ ಕುಂಡವೊಂದನ್ನು ಬಾಲ್ಕನಿಯಲ್ಲಿ ಬೀದಿಗೆ ಕಾಣುವ ಹಾಗೆ ಇಟ್ಟು ನೋಡಿ. ಅಶೋಕ ರಸ್ತೆಗೆ ಚಿನ್ನ ಕೊಳ್ಳಲು ಬಂದವರೂ ನಿಂತು, ತಲೆಯೆತ್ತಿ, ‘ಬೇವಿನ ಹಿಂಡಿ ಹಾಕಿ’ ಅಂತ ಹೇಳಿಯೇ ಮುಂದೆ ಹೋಗುತ್ತಾರೆ.

ನಮ್ಮ ಪಕ್ಕದ ಮನೆಯ ರಾಯರು ಹಾಗೆ ಇಟ್ಟರು. ಊರು ಮೈಸೂರು, ಗಿಡ ಮೈಸೂರು ಮಲ್ಲಿಗೆ. ಉಡುಪಿ, ಹಡಗಲಿ ಮಲ್ಲಿಗೆಗಳ ಜೊತೆ ಭೌಗೋಳಿಕ ಮಾನ್ಯತೆ ಪಡೆದ ಘನತೆಯ ಹೂವು. ಕೆ. ಎಸ್. ನರಸಿಂಹಸ್ವಾಮಿಯವರ ‘ಮೈಸೂರು ಮಲ್ಲಿಗೆ’ 1942ರಲ್ಲಿ ಬಂದದ್ದು ಮತ್ತೆ ಮತ್ತೆ ಅಚ್ಚಾಗುತ್ತಲೇ ಇದೆ. ರಾಯರ ಕುಂಡದಲ್ಲಿ ಮಾತ್ರ ಮೊದಲ ಮುದ್ರಣವೇ ಹೊರಬಂದಿಲ್ಲ.

ರಾಯರು ನಿವೃತ್ತ ಲೆಕ್ಕಿಗರು. ಗೊಬ್ಬರದ ಅಂಗಡಿಯಲ್ಲಿ ಪೊಟ್ಟಣದ ಮೇಲೆ ಅಂಕಿ ಕಂಡದ್ದೇ ತಡ, ಕೂಡಲು ಶುರುಮಾಡಿದರು. 19:19:19 ಅಂದರೆ ಒಟ್ಟು 57. ಡಿಎಪಿ 18:46, ಒಟ್ಟು 64. ಯೂರಿಯಾ ಪಾಪ, ಬರೀ 46. ಎರೆಹುಳು ಗೊಬ್ಬರದಲ್ಲಿ ಸಾರಜನಕ ಶೇಕಡಾ ಎರಡರ ಆಸುಪಾಸು ಎಂದು ಕೇಳಿದ ಮೇಲಂತೂ, ಉಳಿತಾಯ ಖಾತೆಯ ಬಡ್ಡಿಯನ್ನು ನೋಡುವ ಹಾಗೆ ನೋಡಿದರು. ‘ಸ್ವಾಮಿ, ಅದು ಅಂಕಪಟ್ಟಿಯಲ್ಲ. ಮೊದಲನೆಯದು ಸಾರಜನಕ, ಎಲೆಗೆ. ಎರಡನೆಯದು ರಂಜಕ, ಬೇರಿಗೆ, ಮೊಗ್ಗಿಗೆ. ಮೂರನೆಯದು ಪೊಟ್ಯಾಷ್, ಹೂವಿಗೆ, ಗಿಡದ ಕಸುವಿಗೆ’ ಎಂದೆ. ‘ಗೊತ್ತು ಕಣ್ರೀ, ನಮ್ಮ ಸೋದರಮಾವ ಬೆಳಗೊಳದ ಗೊಬ್ಬರ ಕಾರ್ಖಾನೆಯಲ್ಲಿದ್ದರು’ ಎಂದರು. ಇದಕ್ಕೆ ಎದುರಾಡುವಂತಿಲ್ಲ. ಸ್ವಾತಂತ್ರ್ಯಕ್ಕೆ ಮುಂಚೆಯೇ ಅಮೋನಿಯಂ ಸಲ್ಫೇಟ್ ಮಾಡುತ್ತಿದ್ದ ಕಾರ್ಖಾನೆ ಅದು. ಅಂಥ ಊರಿನ ಮಗ್ಗುಲಲ್ಲಿ ಹುಟ್ಟಿದವರಿಗೆ ಗೊಬ್ಬರ ರಕ್ತದಲ್ಲೇ ಇರುತ್ತದೆಂದು ಅವರ ನಂಬಿಕೆ.

ಡಿಎಪಿ ಬಿತ್ತು. ಎಲೆಯ ಅಂಚು ಸುಟ್ಟಿತು. ‘ರಾಸಾಯನಿಕ ಉಷ್ಣ, ನಾಟಿ ಗೊಬ್ಬರ ಹಾಕಿ’ ಎಂದರು ಎದುರುಮನೆ ಅಜ್ಜಿ. ರಾಯರು ಕಡಲೆಕಾಯಿ ಹಿಂಡಿಯನ್ನು ಬಕೆಟ್ಟಿನಲ್ಲಿ ನೆನೆಹಾಕಿ ಬಾಯಿ ಮುಚ್ಚಿಟ್ಟರು. ಹಿಂಡಿ ಕೊಳೆತ ನೀರಿನಲ್ಲಿ ಸತ್ವವಿದೆ, ಒಪ್ಪಿದೆ. ಅದನ್ನು ಹತ್ತುಪಟ್ಟು ನೀರು ಬೆರೆಸಿ ಹಾಕಿದರೆ ಗಿಡ ಖುಷಿಪಡುತ್ತದೆ. ಆದರೆ ಆ ಮುಚ್ಚಳ ತೆಗೆದ ಬೆಳಗ್ಗೆ ನಮ್ಮ ಬೀದಿಯ ಜನ ಮೋರಿ ಕಟ್ಟಿದೆಯೆಂದು ಕಾರ್ಪೊರೇಷನ್‌ಗೆ ಫೋನ್ ಮಾಡಿದರು. ಪರಿಮಳಕ್ಕಾಗಿ ಸಾಕಿದ ಗಿಡದಿಂದ ಇಡೀ ಬೀದಿ ಮೂಗು ಮುಚ್ಚಿಕೊಂಡು ಓಡಾಡಿದ್ದು ಲಷ್ಕರ್ ಮೊಹಲ್ಲಾದಲ್ಲೇ ಮೊದಲಿರಬೇಕು. ರಾತ್ರಿ ಹೆಗ್ಗಣ ಬಂದು, ಉಳಿದ ಹಿಂಡಿಯ ಜೊತೆ ಅರ್ಧ ಬೇರನ್ನೂ ಕೆದಕಿ ಹೋಯಿತು.

ಆಮೇಲೆ ಅಡುಗೆಮನೆಯ ಸರದಿ. ಫಿಲ್ಟರ್ ಕಾಫಿಯ ಚರಟ, ಅಕ್ಕಚ್ಚು, ಸಕ್ಕರೆ ಹಾಕಿದ ಟೀಯ ಚರಟ (ಇದಕ್ಕೆ ಇರುವೆಗಳು ಕೃತಜ್ಞವಾಗಿವೆ), ಬಾಳೆಹಣ್ಣಿನ ಸಿಪ್ಪೆ. ಅದೂ ನಂಜನಗೂಡು ರಸಬಾಳೆಯದೇ ಆಗಬೇಕೆಂದು ಹಟ. ಒಟ್ಟಿನಲ್ಲಿ ರಾಯರಿಗಿಂತ ಗಿಡದ ಊಟವೇ ಚೆನ್ನಾಗಿತ್ತು.

ಎಲೆ ಹಳದಿಯಾಯಿತು. ನರಗಳು ಹಸಿರಾಗಿದ್ದು ನಡುವೆ ಮಾತ್ರ ಹಳದಿಯಾದರೆ ಗಿಡಕ್ಕೆ ಕಬ್ಬಿಣ ಸಾಲುತ್ತಿಲ್ಲವೆಂದು ಅರ್ಥ. ಒಂದು ಲೀಟರ್ ನೀರಿಗೆ 5 ಗ್ರಾಂ ಫೆರಸ್ ಸಲ್ಫೇಟ್ ಕರಗಿಸಿ ತಿಂಗಳಿಗೊಮ್ಮೆ ಎಲೆಗೆ ಸಿಂಪಡಿಸುತ್ತಾರೆ. ಇದನ್ನು ನಾನು ಹೇಳಿದ್ದೇ ತಡ, ರಾಯರು ಹಳೇ ಬಾಗಿಲಿನ ತುಕ್ಕು ಮೊಳೆಗಳನ್ನು ತಂದು ಕುಂಡದಲ್ಲಿ ಹೂತರು. ಆ ತುಕ್ಕನ್ನು ಗಿಡ ಹೀರುವಷ್ಟರಲ್ಲಿ ಮೊಮ್ಮಕ್ಕಳ ಮದುವೆಯಾಗಿರುತ್ತದೆ.

ಗುಟ್ಟು ರಟ್ಟಾದದ್ದು ಕೆಳಗಿನ ಟೈಲರ್‌ನಿಂದ. ‘ಸಾರ್, ಕುಂಡದ ತೂತಿಗೆ ಸಿಮೆಂಟ್ ಮೆತ್ತಿದ್ದು ಬಹಳ ಉಪಕಾರ ಆಯ್ತು. ಈಗ ಬ್ಲೌಸ್ ಪೀಸ್ ಮೇಲೆ ಒಂದು ಹನೀನೂ ಬೀಳಲ್ಲ’ ಎಂದು ಮೆಟ್ಟಿಲ ಮೇಲೆ ನಿಂತು ಕೈಮುಗಿದ. ರಾಯರು ನನ್ನ ಮುಖ ನೋಡಲಿಲ್ಲ.

ಅಂದರೆ, ಆ ಬಡಪಾಯಿ ಗಿಡ ಇಷ್ಟು ದಿನ ಕೆಸರಿನಲ್ಲಿ ಕಾಲಿಟ್ಟುಕೊಂಡು ಡಿಎಪಿ ಉಣ್ಣುತ್ತಿತ್ತು. ಬೇರಿಗೂ ಉಸಿರಾಡಲು ಗಾಳಿ ಬೇಕು. ನೀರು ನಿಂತರೆ ಅದು ಕೊಳೆಯುತ್ತದೆ, ಕೊಳೆತ ಬೇರಿಗೆ ಏನು ಬಡಿಸಿದರೂ ಇಳಿಯದು. ಅದರ ಮೇಲೆ ಬಿಸಿಲಿನ ಬರ. ಮಲ್ಲಿಗೆಗೆ ದಿನಕ್ಕೆ ಐದಾರು ಗಂಟೆ ನೇರ ಬಿಸಿಲು ಬೇಕು. ಎರಡೂ ಕಡೆ ಮೂರು ಮಹಡಿ ಎದ್ದಿರುವ ನಮ್ಮ ಬೀದಿಯಲ್ಲಿ ಸೂರ್ಯ ನೆತ್ತಿಯ ಮೇಲೆ ಬಂದಾಗ ಒಂದಿಷ್ಟು ಇಣುಕಿ, ಸಂತ ಫಿಲೋಮಿನಾ ಚರ್ಚಿನ ಗೋಪುರಗಳಿಗೆ ಧಾರಾಳವಾಗಿ ಬಿಸಿಲು ಸುರಿದು ಹೋಗಿಬಿಡುತ್ತಾನೆ. ನೆರಳಿನಲ್ಲಿರುವ ಗಿಡಕ್ಕೆ ಸಾರಜನಕ ಸುರಿದರೆ ಬಳ್ಳಿ ಉದ್ದುದ್ದ ಎಳೆಯುತ್ತದೆ, ಮೊಗ್ಗು ಕಟ್ಟುವುದಿಲ್ಲ.

ಹೊಲದ ಲೆಕ್ಕವನ್ನೂ ರಾಯರಿಗೆ ಒಪ್ಪಿಸಿದೆ, ಅಂಕಿಯಿಲ್ಲದೆ ಅವರು ಕೇಳುವುದಿಲ್ಲ. ತಮಿಳುನಾಡು ಕೃಷಿ ವಿಶ್ವವಿದ್ಯಾಲಯ ಗುಂಡುಮಲ್ಲಿಗೆಗೆ ಹೇಳುವುದು ಗಿಡಕ್ಕೆ 10 ಕಿಲೋ ಕೊಟ್ಟಿಗೆ ಗೊಬ್ಬರ, ವರ್ಷಕ್ಕೆ 60 ಗ್ರಾಂ ಸಾರಜನಕ, ರಂಜಕ ಮತ್ತು ಪೊಟ್ಯಾಷ್ ತಲಾ 120 ಗ್ರಾಂ, ಅದೂ ಎರಡು ಕಂತಿನಲ್ಲಿ. ಎಲೆಯ ಪಾಲಿಗಿಂತ ಹೂವಿನ ಪಾಲು ದುಪ್ಪಟ್ಟು. ಆದರೆ ಅದು ನೆಲದಲ್ಲಿ ಬೇರು ಬಿಟ್ಟ ಗಿಡದ ಹಸಿವು. ಬಕೆಟ್ಟಿನಷ್ಟು ಮಣ್ಣಿನಲ್ಲಿ ನಿಂತ ರೋಗಿಯದಲ್ಲ. ರೋಗಿಗೆ ತೂತಿರುವ ಕುಂಡ, ಕೆಮ್ಮಣ್ಣು, ಮರಳು, ಎರೆಹುಳು ಗೊಬ್ಬರ ಸಮಸಮ, ಮೇಲೊಂದು ಹಿಡಿ ಬೇವಿನ ಹಿಂಡಿ. ಆಮೇಲೆ ಉಪವಾಸ. ಹೊಸ ಚಿಗುರು ಬಂದ ಮೇಲೆ ಬೇಕಾದರೆ ಲೀಟರ್ ನೀರಿಗೆ ಒಂದೆರಡು ಗ್ರಾಂ 19:19:19, ಹದಿನೈದು ದಿನಕ್ಕೊಮ್ಮೆ, ಮಣ್ಣು ಒದ್ದೆಯಿರುವಾಗ. ನವೆಂಬರ್ ಕೊನೆಗೆ ಕತ್ತರಿ, ಯಾಕೆಂದರೆ ಮೊಗ್ಗು ಬರುವುದು ಹೊಸ ಚಿಗುರಿನಲ್ಲೇ. ಕತ್ತರಿ ಎಂದೊಡನೆ ರಾಯರ ಮನೆಯವರು, ‘ಇರೋ ನಾಲ್ಕು ಕಡ್ಡೀನೂ ಕತ್ತರಿಸಿಬಿಡಿ’ ಎಂದು ಒಳಗೆ ಹೋದರು.

ಈಗ ಕುಂಡ ತಾರಸಿಗೆ ಹೋಗಿದೆ, ನೀರಿನ ಟ್ಯಾಂಕಿನ ಪಕ್ಕಕ್ಕೆ. ಬೆಳಗಿನಿಂದ ಬಿಸಿಲು. ತಾರಸಿ ಮಾತ್ರ ಮನೆ ಮಾಲೀಕರದು, ಬೀಗದ ಕೈ ಅವರ ಸೊಸೆಯ ಹತ್ತಿರ. ನೀರು ಹಾಕುವವಳೂ ಅವಳೇ, ಆದ್ದರಿಂದ ಹೂವಿನಲ್ಲಿ ಪಾಲು ಬೇಕಂತೆ. ‘ದೇವರಾಜ ಮಾರುಕಟ್ಟೆ ನಡೆದು ಹೋಗುವಷ್ಟು ದೂರ, ಎರಡು ಮೊಳ ತಂದರೆ ಆಗದೇ?’ ಎಂದು ನಾನು ಬಾಯಿ ಹಾಕಿದ್ದಕ್ಕೆ ಎರಡೂ ಮನೆಯವರು ನನ್ನನ್ನೇ ದುರುಗುಟ್ಟಿ ನೋಡಿದರು. ಮೊಗ್ಗಿನ ಸುಳಿವಿಲ್ಲ, ಒಪ್ಪಂದ ಮಾತ್ರ ಆಗಿದೆ: ಶುಕ್ರವಾರದ ಹೂವು ಸೊಸೆಗೆ, ಉಳಿದದ್ದು ರಾಯರ ಮನೆಗೆ. ಮಂಗಳವಾರದ್ದು ಇನ್ನೂ ತಕರಾರಿನಲ್ಲಿದೆ.